ಭಂಡಾರ ಮುಟ್ಟಿದ ಭಾನುವಾರ

ನಾಲ್ಕು ವರ್ಷದ ಹಿಂದಿನ ಮಾತು. ಯುಗಾದಿಗೆ ಇನ್ನೂ ಎಂಟು ದಿನವಿತ್ತು. ಆ ಭಾನುವಾರ ನಾನು ಮಾಡಿದ್ದು ಸರಿಯೆಂದೇ ನಂಬಿದ್ದೆ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಗಂಡ ಹೆಂಡತಿಯ ಜಗಳ, ಅತ್ತೆ ಸೊಸೆಯ ಜಗಳ ಎಲ್ಲ ನನ್ನ ಹೊಲಿಗೆ ಮಿಷನ್ ಮುಂದೆಯೇ ಬಗೆಹರಿಯುತ್ತಿದ್ದವು. ಬಗೆಹರಿಯದೆ ಉಳಿದದ್ದು ನನ್ನ ತಮ್ಮನ ಕುಡಿತ ಒಂದೇ.

ಮಲ್ಲೇಶ ಯಶವಂತನಗರದ ಕಡೆ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಗಂಟಲೊಳಗಿನ ಕೆಂಪು ಧೂಳು ಇಳಿಯಬೇಕಲ್ಲಕ್ಕ ಎಂದು ನಗುತ್ತ ಶುರು ಮಾಡಿದವನು. ಹತ್ತು ವರ್ಷದಲ್ಲಿ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅವನಿಗೆ ಅದು ಬೇಕಾಗುತ್ತಿತ್ತು. ಕೆಲಸ ಹೋಯಿತು. ಅವನ ಹೆಂಡತಿ ರೇಣುಕಾ ಏಳು ವರ್ಷದ ಮಗಳು ಭಾಗ್ಯಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. ಹಿಂದೆಯೇ ಅವನೂ ಬಂದ. ಕುಡಿದಾಗಲೂ ಒಬ್ಬರ ಮೇಲೂ ಕೈ ಎತ್ತಿದವನಲ್ಲ, ಸುಮ್ಮನೆ ಮೂಲೆಯಲ್ಲಿ ಕೂತು ಅಳುತ್ತಿದ್ದ. ಅದನ್ನು ನೋಡಿದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ನಮ್ಮ ಮನೆದೇವರು ಮೈಲಾರಲಿಂಗ. ದೇವರ ಅರಿಶಿನಕ್ಕೆ ನಾವು ಭಂಡಾರ ಅನ್ನುತ್ತೇವೆ. ಅದನ್ನು ಹಿಡಿದು ಆಣೆ ಮಾಡಿದ ಮೇಲೆ ಮುರಿದರೆ ಮನೆ ಉಳಿಯುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಆ ಭಾನುವಾರ ಅವನಿಗೆ ತಲೆಗೆ ಸ್ನಾನ ಮಾಡಿಸಿ ದೇವರ ಜಗಲಿಯ ಮುಂದೆ ಕೂರಿಸಿದೆ. ಒಂದು ಕೈಗೆ ಭಂಡಾರ ಕೊಟ್ಟು, ಇನ್ನೊಂದು ಕೈಯನ್ನು ಭಾಗ್ಯಳ ನೆತ್ತಿಯ ಮೇಲೆ ಇಡಿಸಿದೆ.

"ಅಕ್ಕ, ಒಮ್ಮಿಗ್ಲೇ ಬಿಟ್ರ ಮೈ ತಡಿಯಂಗಿಲ್ಲ. ಸ್ವಲ್ಪ ಸ್ವಲ್ಪ ಬಿಡ್ತೀನಿ" ಎಂದ.

ಕುಡುಕರೆಲ್ಲ ಹೇಳುವುದು ಇದನ್ನೇ ಎಂದು ಬಾಯಿ ಮುಚ್ಚಿಸಿದೆ. ಅವನು ಮಗಳ ಮುಖ ನೋಡಿದ. ಆಣೆ ಮಾಡಿದ.

ಸೋಮವಾರ ಮೈಯೆಲ್ಲ ಬೆವರು. ಚಹಾದ ಲೋಟ ಹಿಡಿದರೆ ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ಒಳಗಿನ ವಿಷ ಇಳಿಯುತ್ತಿದೆ ಎಂದು ನಾನು ರೇಣುಕಾಗೆ ಸಮಾಧಾನ ಹೇಳಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಬೀಗುತ್ತಿದ್ದೆ. ಮಂಗಳವಾರ ಅವನು ಇಲ್ಲದ ಇರುವೆಗಳನ್ನು ಚಾದರದಿಂದ ಕೊಡವುತ್ತಿದ್ದ. ನಡುವೆ ಒಮ್ಮೆ ಸರಿಯಾಗಿ ನನ್ನನ್ನೇ ನೋಡಿ, ಮೆಲ್ಲಗೆ ಹೇಳಿದ.

"ಅಕ್ಕ, ನನ್ನ ದವಾಖಾನಿಗೆ ಕರ್ಕೊಂಡ್ ಹೋಗು."

"ದವಾಖಾನಿ ದಾರ್ಯಾಗ ಎಷ್ಟು ಬಾರ್ ಅದಾವ ಅಂತ ನನಗ ಗೊತ್ತಿಲ್ಲೇನಲೇ?"

ಹಾಗೆಂದು ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ. ಅವನು ಬಾಗಿಲು ಬಡಿಯಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಹಾಸಿಗೆಯ ಮೇಲೆ ಕೂತು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದ. ಹಿಂದೆ ಯಾರೋ ನಿಂತಿದ್ದಾರೆ, ಸರಿಯಲು ಹೇಳಿ ಎಂದು ಕೂಗುತ್ತಿದ್ದ. ಮಗಳ ಗುರುತೂ ಹತ್ತಲಿಲ್ಲ. ಅಕ್ಕಪಕ್ಕದವರು ಬಂದು ನೋಡಿ, ಕದ್ದು ಕುಡಿದಿರಬೇಕು, ಆಣೆ ಮುರಿದದ್ದಕ್ಕೆ ದೇವರು ಮುನಿದಿದ್ದಾನೆ ಎಂದರು. ನಾವು ಅವನ ಹಣೆಗೆ ಭಂಡಾರ ಬಳಿದು, ಗಲ್ಲ ಬಡಿದುಕೊಂಡು, ದೇವರ ಮುಂದೆ ತಪ್ಪೊಪ್ಪಿಕೊಂಡೆವು. ಅದರಲ್ಲಿ ಎರಡು ತಾಸು ಹೋಯಿತು. ಅಷ್ಟರಲ್ಲಿ ಅವನಿಗೆ ಫಿಟ್ಸ್ ಬಂತು. ಆಗ ಆಟೋ ಕರೆಸಿದೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಕೊನೆಗೆ ಕುಡಿದದ್ದು ಯಾವಾಗ ಎಂದು ಕೇಳಿದರು. ಭಾನುವಾರದಿಂದ ಒಂದು ಹನಿ ಮುಟ್ಟಿಲ್ಲ, ನಾನೇ ಬಿಡಿಸಿದೆ ಎಂದೆ. ಆ ಹೊತ್ತಿನಲ್ಲೂ ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ಅವರು ನನ್ನನ್ನು ಬೈಯಲಿಲ್ಲ. "ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ರೆ ಜೀವಕ್ಕೇ ಅಪಾಯಮ್ಮ. ಮೊದಲ ದಿನವೇ ಇಲ್ಲಿಗೆ ಕರ್ಕೊಂಡು ಬರಬೇಕಿತ್ತು" ಎಂದರು.

ಸಂಜೆಯ ಹೊತ್ತಿಗೆ ಮಲ್ಲೇಶ ಹೋಗಿಬಿಟ್ಟ. ಅವನಿಗೆ ಮೂವತ್ತಾರು ವರ್ಷ.

ಆಮೇಲೆ ಒಂದು ದಿನ ನಾನೇ ಆ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಕೇಳಿ ತಿಳಿದುಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇದು ಹಟದ ಮಾತಲ್ಲವಂತೆ, ರೋಗವಂತೆ. ಮೊದಲ ಕೆಲವು ದಿನ ವಾರ್ಡಿನಲ್ಲಿಟ್ಟು ನಡುಕಕ್ಕೆ, ಫಿಟ್ಸ್ ಬರದಂತೆ ಮಾತ್ರೆ ಕೊಟ್ಟು, ಆ ಮಾತ್ರೆಯನ್ನೂ ನಿಧಾನವಾಗಿ ಇಳಿಸುತ್ತಾರೆ. ಆಮೇಲೆ ಕುಡಿಯುವ ಆಸೆ ತಗ್ಗಿಸಲು ಔಷಧಿ, ತಿಂಗಳುಗಟ್ಟಲೆ ಆಪ್ತ ಸಮಾಲೋಚನೆ, ಕುಡಿತ ಬಿಟ್ಟವರೇ ಸೇರಿ ನಡೆಸುವ ಸಭೆಗಳು. ಮನೆಯವರಿಗೂ ತಿಳಿಸಿ ಹೇಳುತ್ತಾರೆ. ನಡುವೆ ಒಮ್ಮೆ ಜಾರಿದರೂ ಮತ್ತೆ ಬರಬಹುದು, ಬಾಗಿಲು ಹಾಕುವುದಿಲ್ಲ ಎಂದರು. ಆ ಕೊನೆಯ ಮಾತು ನನಗೆ ಚುಚ್ಚಿತು.

ಈಗ ಬ್ಲೌಸ್ ಅಳತೆ ಕೊಡಲು ಬಂದ ಹೆಂಗಸರು ಗಂಡನ ಕುಡಿತದ ಮಾತು ತೆಗೆದರೆ, ಮಿಷನ್ ನಿಲ್ಲಿಸಿ ಅವರ ಜೊತೆ ನಾನೇ ಆಸ್ಪತ್ರೆಗೆ ಹೋಗುತ್ತೇನೆ. ಕಮಲಾಪುರದ ಬಾಳೆತೋಟದ ಕೆಲಸಗಾರನೊಬ್ಬ ಹಾಗೆ ಹೋಗಿ, ಒಮ್ಮೆ ಜಾರಿ, ಮತ್ತೆ ಸೇರಿ, ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ಅವನ ಹೆಂಡತಿ ಒಂದು ಗೊನೆ ಬಾಳೆಹಣ್ಣು ತಂದು ಕೊಟ್ಟಳು. ನನಗೆ ಒಂದೂ ತಿನ್ನಲಾಗಲಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಮುಚ್ಚಿಡಬಾರದು. ಮಲ್ಲೇಶ ಕದ್ದು ಕುಡಿದು ಆಣೆ ಮುರಿದ, ಅದಕ್ಕೇ ಸತ್ತ ಎಂದು ಓಣಿಯವರು ಬಹಳ ದಿನ ಆಡಿಕೊಂಡರು. ನಾನು ಸುಮ್ಮನಿದ್ದೆ. ಆ ಸುಳ್ಳು ನನಗೆ ಬೇಕಾಗಿತ್ತು. ಹೋದ ವರ್ಷ ಭಾಗ್ಯ ತಲೆ ಬಾಚಿಸಿಕೊಳ್ಳುತ್ತ ಕೇಳಿದಳು. "ಅತ್ತಿ, ಅಪ್ಪ ನನ್ನ ತಲಿ ಮುಟ್ಟಿ ಸುಳ್ಳು ಹೇಳಿದ್ನಂತ, ಹೌದಾ?"

ಮಗು ಮೂರು ವರ್ಷ ಇದನ್ನು ತಲೆಯ ಮೇಲೆ ಹೊತ್ತು ತಿರುಗಿದೆ.

"ಇಲ್ಲವ್ವ. ನಿಮ್ಮಪ್ಪ ಆಣಿ ಮುರೀಲಿಲ್ಲ. ದವಾಖಾನಿಗೆ ಕರ್ಕೊಂಡ್ ಹೋಗು ಅಂತ ಕೇಳಿದ. ಬಾಗಿಲ ಹಾಕಿದಾಕಿ ನಾನು."

ಅವಳು ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ತನ್ನ ಅಮ್ಮನ ಹತ್ತಿರ ಹೋಗಿ ಕೂತಳು.