ನೆಂಟರ ಚಕ್ಕುಲಿ

ಇವತ್ತು ಹಲಸೂರಿನ ತವರುಮನೆಯ ಮೆಟ್ಟಿಲು ಹತ್ತುವಾಗಲೇ ಚಕ್ಕುಲಿ ಕರಿಯುವ ವಾಸನೆ ಮೂಗಿಗೆ ಬಡಿಯಿತು. ಹಳೆಯ ಸಿಟ್ಟೂ ನೆತ್ತಿಗೇರಿತು.

ಚಿಕ್ಕಂದಿನಲ್ಲಿ ಹಿತ್ತಾಳೆಯ ಚಕ್ಕುಲಿ ಒರಳಿನ ಹಿಡಿ ತಿರುಗಿಸಿ ತಿರುಗಿಸಿ ಅಂಗೈ ಕೆಂಪಾಗುತ್ತಿದ್ದುದು ನನ್ನದು. ಇಡೀ ಚಕ್ಕುಲಿಗಳು ಮಾತ್ರ ನೇರ ಡಬ್ಬಕ್ಕೆ. ಕೈ ಚಾಚಿದರೆ ಅಮ್ಮ ಗದರುತ್ತಿದ್ದಳು: "ಅದು ನೆಂಟ್ರಿಗೆ ಕಣೇ! ಮನೆಯವ್ರಿಗೆ ಮುರಿದಿದ್ದು ಸಾಕು." ಆ ನೆಂಟರೋ, "ಅಯ್ಯೋ, ಈಗಷ್ಟೇ ಟಿಫನ್ ಆಯ್ತು ಕಣ್ರೀ" ಎಂದು ಒಂದು ಸುತ್ತು ಕಚ್ಚಿ ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಹೋಗುತ್ತಿದ್ದರು. ಅಂಥವರಿಗೆ ಅಷ್ಟು ಮರ್ಯಾದೆ! ನಾನು ಚೂರುಗಳನ್ನು ಕಟಕಟ ಕಡಿಯುತ್ತ ಕುದಿಯುತ್ತಿದ್ದೆ.

ಇವತ್ತು ಅಮ್ಮ ನನ್ನ ಮುಂದೆ ತಟ್ಟೆ ತುಂಬ ಇಡೀ ಚಕ್ಕುಲಿಗಳನ್ನೇ ತಂದಿಟ್ಟಳು. ತಾನು ಮಾತ್ರ ಮುರಿದ ಚೂರುಗಳನ್ನು ಹಿಡಿದು ಕೂತಳು.

"ನಾನೇನು ನೆಂಟ್ರಾ ಈ ಮನೆಗೆ?" ಎಂದು ರೇಗಿದೆ. ಅವಳ ಕೈಯಲ್ಲಿದ್ದ ಚೂರನ್ನೇ ಕಿತ್ತುಕೊಂಡು ತಿಂದೆ.