ಚಾಮಯ್ಯ ಹಾಕದ ಸಹಿ

ಮಾಲು ಹಳೆಯದು, ಅರವತ್ತು ದಾಟಿದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಮೊಣಕಾಲು ಕಿರುಗುಟ್ಟುತ್ತದೆ. ತೋರುಬೆರಳಿನ ತುದಿ ಯಾವುದೋ ವಿಮಾನದ ಪಾಲಾಗಿದೆ. ಮೈಮೇಲೆ ಹೊಸದು ಅನ್ನುವಂಥದ್ದು ಕನ್ನಡಕದ ದಾರ ಒಂದೇ. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ವಿಮಾನದ ಬಿಡಿಭಾಗಗಳ ಅಂಗಡಿ ಇಟ್ಟಿರುವ ಉಡುಪಿ ಕಡೆಯ ಶ್ರೀಪತಿ, ಚಾಮಯ್ಯನವರನ್ನು ಮೊದಲು ನೋಡಿದಾಗ ಹಾಕಿದ ಬೆಲೆ ಅರ್ಧ ಸಂಬಳ, ಮಧ್ಯಾಹ್ನದ ಊಟ. ಇದನ್ನು ಬರೆಯುತ್ತಿರುವವನೂ ಆ ಶ್ರೀಪತಿಯೇ. ತನ್ನನ್ನು ‘ಅವನು’ ಎಂದು ಬರೆದುಕೊಂಡರೆ ಬೈಯುವುದು ಸುಲಭ.

"ಊಟ ಬ್ಯಾಡ ಸ್ವಾಮಿ," ಎಂದರು ಚಾಮಯ್ಯ. "ಹೊನ್ನಮ್ಮ ಮನೇಲಿ ಕಟ್ಟಿಕೊಡ್ತಾಳೆ. ಆ ದುಡ್ನೂ ಸಂಬಳಕ್ಕೇ ಸೇರ್ಸಿ."

ಹೆಂಡತಿಯ ಬುತ್ತಿಯನ್ನೇ ಬಂಡವಾಳ ಮಾಡಿಕೊಳ್ಳುವ ಮನುಷ್ಯ. ಶ್ರೀಪತಿ ಅಲ್ಲೇ ಸೋತ.

ಚಾಮಯ್ಯ ಮಳವಳ್ಳಿ ಕಡೆಯವರು. ನಮ್ಮ ವಾಯುಪಡೆಯಲ್ಲಿ ಪ್ರೊಪೆಲ್ಲರ್ ಬಿಚ್ಚಿ ಜೋಡಿಸುತ್ತ ನಿವೃತ್ತರಾದವರು, ಆಮೇಲೆ ಹೊನ್ನಮ್ಮನ ಜೊತೆ ಆಫ್ರಿಕಾದ ಒಂದು ಪುಟ್ಟ ದೇಶಕ್ಕೆ ಅದೇ ಕೆಲಸ ಕಲಿಸಲು ಹೋದರು. ದೇಶದ ಹೆಸರು ಬೇಡ. ಗಿರಾಕಿಯ ಹೆಸರು ಹೇಳಿ ಉದ್ಧಾರವಾದ ವ್ಯಾಪಾರಿ ಇಲ್ಲ. ಆ ದೇಶದ ವಾಯುಪಡೆಯನ್ನು ಮಂಡ್ಯದ ಯಾವುದಾದರೂ ಛತ್ರದ ಮುಂದಿನ ಬಯಲಿನಲ್ಲಿ ನಿಲ್ಲಿಸಬಹುದಿತ್ತು. ಪೊಲೀಸರು ಬಳಸಿ ಬಿಟ್ಟುಕೊಟ್ಟ ಎರಡು ಸಣ್ಣ ವಿಮಾನಗಳಿಂದ ಅದು ಶುರುವಾಯಿತು. ಯಾವುದೋ ದೊಡ್ಡ ದೇಶ ಒಂದು ಹೆಲಿಕಾಪ್ಟರ್ ದಾನ ಮಾಡಿತು, ಬಿಡಿಭಾಗ ಕೊಡಲಿಲ್ಲ. ಅದರೊಳಗೆ ಕೋಳಿಗಳು ಮೊಟ್ಟೆಯಿಟ್ಟವು. ಕೊನೆಗೆ ಎರಡೆರಡು ಎಂಜಿನ್ನಿನ ನಾಲ್ಕು ಸಾಗಾಟದ ವಿಮಾನ ಬಂದವು, ಎಲ್ಲವೂ ಸೆಕೆಂಡ್ ಹ್ಯಾಂಡ್. ಅವು ಒಂದು ದಿನವೂ ಬಾಂಬು ಹೊತ್ತಿದ್ದಿಲ್ಲ. ಮತಪೆಟ್ಟಿಗೆ, ಬಿತ್ತನೆ ಜೋಳ, ಹೆರಿಗೆ ನೋವಿನ ಹೆಂಗಸರನ್ನು ಹೊತ್ತವು. ಒಮ್ಮೆ ಮಂತ್ರಿಗಳ ಸೋಫಾ.

ನಾಲ್ಕರಲ್ಲಿ ಒಂದು ಸರೋವರಕ್ಕೆ ಬಿತ್ತು. ಪ್ರೊಪೆಲ್ಲರನ್ನು ಕಣ್ಣೆತ್ತಿಯೂ ನೋಡದೆ ಯಾರೋ ‘ಸರಿಯಿದೆ’ ಎಂದು ಸಹಿ ಮಾಡಿದ್ದರು. ಅಂದಿನಿಂದ ಚಾಮಯ್ಯ ಒಂದು ಪದ್ಧತಿ ಹಾಕಿದರು: ಸಹಿ ಮಾಡಿದವನು ಮೊದಲ ಹಾರಾಟದಲ್ಲಿ ಒಳಗೆ ಕೂರಬೇಕು. ಅವರ ಶಿಷ್ಯ ಟೆಂಬೊ ಸಹಿ ಮಾಡಿದರೆ ಟೆಂಬೊ ಕೂತ, ತಾವು ಮಾಡಿದರೆ ತಾವು ಕೂತರು. ಅವರು ಮೇಲೆ ಹೋದಾಗಲೆಲ್ಲ ಹೊನ್ನಮ್ಮ ಒಲೆ ಹಚ್ಚದೆ ಕೂರುತ್ತಿದ್ದರು. ಪಕ್ಕದಲ್ಲಿ ಟೆಂಬೊನ ಹೆಂಡತಿ ಎಸ್ತರ್ ಬಂದು ಕೂರುತ್ತಿದ್ದಳು. ಹೊನ್ನಮ್ಮ ಮಲೇರಿಯಾ ಬಂದು ಮಲಗಿದಾಗ ಜೋಳದ ಗಂಜಿ ಕುಡಿಸಿ ಎಬ್ಬಿಸಿದವಳೂ ಅವಳೇ.

ಉಳಿದ ಮೂರರಲ್ಲಿ ಎರಡನ್ನು ಬಿಚ್ಚಿ ಬಿಚ್ಚಿ ಒಂದನ್ನು ಹಾರಿಸುತ್ತಿದ್ದರು. ಅಲ್ಲಿಯ ಕರಾರು ಮುಗಿದು ಚಾಮಯ್ಯ ಹೆಂಡತಿಯೊಂದಿಗೆ ಮಲೇಷ್ಯಾಕ್ಕೆ, ಶ್ರೀಪತಿಯ ಅಂಗಡಿಗೆ ಬಂದರು. ಬಿಚ್ಚಲು ಏನೂ ಉಳಿಯದಿದ್ದಾಗ ಟೆಂಬೊ ಶ್ರೀಪತಿಯ ಗಿರಾಕಿಯಾದ.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಕೊರೋನಾಕ್ಕೆ ಹೆದರಿ ಮಲೇಷ್ಯಾ ಮತ್ತೆ ಬಾಗಿಲು ಹಾಕಿಕೊಂಡಿತು. ರಸ್ತೆ ತಿರುವಿನಲ್ಲೆಲ್ಲ ಪೊಲೀಸರು. ಮಾಮಕ್ ಅನ್ನುವ ತಮಿಳು ಮುಸ್ಲಿಮರ ಹೋಟೆಲುಗಳಲ್ಲಿ ಕೂತು ತಿನ್ನುವಂತಿಲ್ಲ, ಕಟ್ಟಿಸಿಕೊಂಡು ಹೋಗಬೇಕು. ಅದೇ ದಿನಗಳಲ್ಲಿ ಟೆಂಬೊನ ವೀಡಿಯೊ ಕರೆ ಬಂತು: ಹಾರುತ್ತಿದ್ದ ಒಂದೇ ವಿಮಾನವೂ ನಿಂತಿದೆ. ಪ್ರೊಪೆಲ್ಲರಿನ ಅಲಗುಗಳನ್ನು ನಡುವೆ ಹಿಡಿದುಕೊಳ್ಳುವ ಉಕ್ಕಿನ ಗಡ್ಡೆ, ಹಬ್ ಅನ್ನುತ್ತಾರೆ, ಅದು ಬೇಕು. ತಯಾರಿಸುವವರು ಕಾರ್ಖಾನೆ ಮುಚ್ಚಿದ್ದರು. ಶ್ರೀಪತಿ ದೇಶದೇಶ ಜಾಲಾಡಿ ಒಂದು ಹಳೆಯ ಹಬ್ ಹುಡುಕಿದ. ಅದು ಕ್ಲಾಂಗ್ ಬಂದರಿಗೆ ಬಂದಿಳಿದು ಅಂಗಡಿ ಸೇರಿತು. ಚಾಮಯ್ಯ ನೋಡಿ ಸಹಿ ಮಾಡಿದರೆ ಸರಕು ವಿಮಾನಕ್ಕೆ ಹಾಕುವುದಷ್ಟೇ ಬಾಕಿ.

ಚಾಮಯ್ಯ ಅದಕ್ಕೆ ಕೆಂಪು ಬಣ್ಣ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರು. ಬಿರುಕಿದ್ದರೆ ಒಳಗೆ ಉಳಿದ ಕೆಂಪು ಪುಡಿಗೆ ಒಸರುತ್ತದೆ. ಬೋಲ್ಟಿನ ತೂತಿನ ಅಂಚಿಗೆ ಕೂದಲಂಥ ಗೆರೆ ಕಂಡಿತು. ತೊಳೆದು ಮತ್ತೆ ಮಾಡಿದರು. ಗೆರೆ ಇಲ್ಲ. ಮತ್ತೊಮ್ಮೆ. ಇಲ್ಲ.

"ಮೂರರಲ್ಲಿ ಎರಡು ಪಾಸು ಮಾರಾಯ್ರೆ," ಎಂದ ಶ್ರೀಪತಿ.

"ಪಿಯುಸಿ ರಿಸಲ್ಟಾ ಸ್ವಾಮಿ?"

ಫೋನಿನಲ್ಲಿ ಟೆಂಬೊ ಎಲ್ಲ ನೋಡುತ್ತಿದ್ದ. "ಅದು ಒರೆಸುವಾಗ ಉಳಿದ ಬಣ್ಣ, ಚೀಫ್."

"ಇರಬೌದು ಕಣಪ್ಪ."

"ಎಸ್ತರ್ ಉತ್ತರದ ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿ ಆಕ್ಸಿಜನ್ ಮುಗಿಯುತ್ತ ಬಂದಿದೆ. ಮಳೆಗೆ ಸೇತುವೆ ಕೊಚ್ಚಿ ಹೋಗಿದೆ, ಲಾರಿ ದಾಟಲ್ಲ. ಇಲ್ಲಿ ನಮ್ಮ ಹ್ಯಾಂಗರಿನಲ್ಲಿ ಸಿಲಿಂಡರ್ ಪೇರಿಸಿಟ್ಟಿದ್ದಾರೆ. ಸಹಿ ಮಾಡಿ."

"ಮಾಡಿದವನು ಕೂರಬೇಕಲ್ಲ."

"ಹಾಗಾದರೆ ಬನ್ನಿ!"

"ಹೆಂಗೆ ಬರ್ಲೋ? ಈ ಬೀದಿ ದಾಟೋಕೇ ಪೊಲೀಸ್ನೋರು ಬಿಡ್ತಿಲ್ಲ."

ಹಬ್ ಹೋಗಬಹುದಿತ್ತು, ಮನುಷ್ಯ ಹೋಗುವಂತಿರಲಿಲ್ಲ.

"ನಿಮ್ಮ ಬದಲು ನಾನು ಕೂರ್ತೀನಿ," ಎಂದ ಟೆಂಬೊ.

ಚಾಮಯ್ಯ ಹಬ್ಬಿನ ಮೇಲಿನ ಪುಡಿ ಒರೆಸಿದರು. ತಾವೇ ಕೂರುವ ಹಾಗಿದ್ದರೆ ಆ ಕ್ಷಣವೇ ಸಹಿ ಮಾಡಿಬಿಡುತ್ತಿದ್ದರು. ಅಷ್ಟರ ಮಟ್ಟಿಗೆ ಆ ಹಬ್ಬಿನ ಮೇಲೆ ಅವರಿಗೆ ನಂಬಿಕೆಯಿತ್ತು. ಟೆಂಬೊನನ್ನು ಕೂರಿಸುವಷ್ಟು ಇರಲಿಲ್ಲ.

"ನಾಳೆ ಹೇಳ್ತೀನಿ," ಎಂದು ಫೋನು ಇಟ್ಟರು.

ಅದೇ ಬೀದಿಯ ಮನೆಯಲ್ಲಿ ಹೊನ್ನಮ್ಮ ಎಲ್ಲ ಕೇಳಿಸಿಕೊಂಡು, "ಅವಳ ಕೈಯಿಂದ ಗಂಜಿ ಕುಡಿದು ಬದುಕಿದೋಳು ನಾನು. ಸಹಿ ಹಾಕ್ಬಿಡಿ ಅಂದ್ರೆ," ಎಂದರು.

"ಅವಳ ಗಂಡನ್ನ ಕಳ್ಸಿ ಅವಳನ್ನ ಉಳಿಸ್ಲೇನೇ?"

"ಇಬ್ರೂ ಉಳೀಬೌದಲ್ಲ?"

ಚಾಮಯ್ಯ ಕೈಯ ಪುಡಿ ತೊಳೆಯಲು ಬಚ್ಚಲಿಗೆ ಹೋದರು. 

ಮಾರನೆಯ ದಿನ ಅಂಗಡಿಗೆ ಬಂದವರೇ ಗರಗಸ ಕೇಳಿದರು. ಬೇಡವೆಂದ ಬಿಡಿಭಾಗವನ್ನು ಎರಡು ತುಂಡು ಮಾಡುವುದು ಈ ಕಸುಬಿನ ರೂಢಿ. ಇಲ್ಲದಿದ್ದರೆ ಅದು ಇನ್ನೊಂದು ಅಂಗಡಿಯಲ್ಲಿ ಹೊಸ ಬಣ್ಣ ಹಚ್ಚಿಕೊಂಡು ಕೂತಿರುತ್ತದೆ.

ಶ್ರೀಪತಿ ಅಡ್ಡ ನಿಂತ. "ಒಂದು ವಾರ ಇರ್ಲಿ ಮಾರಾಯ್ರೆ. ಅವಸರ ಎಂತದು?"

"ವಾರ ಇದ್ರೆ ನಾನೇ ಸಹಿ ಮಾಡ್ಬಿಡ್ತೀನಿ ಸ್ವಾಮಿ. ಕೊಡಿ."

ಉಕ್ಕು ಸುಲಭಕ್ಕೆ ಬಗ್ಗಲಿಲ್ಲ. ಬ್ಲೇಡುಗಳು ಮುರಿದವು. ನಡುವೆ ಟೆಂಬೊ ಕರೆ ಮಾಡಿದ, ಗರಗಸದ ಸದ್ದು ಕೇಳಿ ಇಟ್ಟುಬಿಟ್ಟ. ತುಂಡಾದ ಮೇಲೆ ಚಾಮಯ್ಯ ಎರಡೂ ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಬಿರುಕು ಇಲ್ಲವೇ ಇಲ್ಲವೋ, ಗರಗಸದ ಹಾದಿಗೆ ಸಿಗಲಿಲ್ಲವೋ.

ಅದೇ ವಾರ ಎಸ್ತರ್ ತೀರಿಹೋದಳು. ಸೇತುವೆ ಇಲ್ಲದೆ ಟೆಂಬೊನಿಗೆ ಅವಳ ಮಣ್ಣಿಗೂ ಹೋಗಲಾಗಲಿಲ್ಲ.

ಅವನು ಕೊನೆಯ ಸಲ ಕರೆ ಮಾಡಿದಾಗ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ನಾನಾಗಿದ್ದರೂ ಹಾಕುತ್ತಿರಲಿಲ್ಲ ಚೀಫ್. ನೀವು ಕಲಿಸಿದ್ದೇ ಹಾಗೆ. ಆದರೆ ಇನ್ನು ನಿಮ್ಮ ಮುಖ ನೋಡಿ ಮಾತಾಡಲು ನನ್ನಿಂದ ಆಗಲ್ಲ." ಆಮೇಲೆ ಚಾಮಯ್ಯ ಎಷ್ಟು ಸಲ ಮಾಡಿದರೂ ಗಂಟೆ ಹೊಡೆಯುತ್ತದೆ, ಯಾರೂ ಎತ್ತುವುದಿಲ್ಲ.

ಹೊನ್ನಮ್ಮ ಒಂದೇ ಒಂದು ಸಲ ಕೇಳಿದರು. "ಬಿರುಕು ಇತ್ತೇನ್ರೀ?"

"ಗೊತ್ತಿಲ್ಲ ಕಣೇ."

ಇತ್ತು ಎಂದಿದ್ದರೆ ಆಕೆ ನಂಬುತ್ತಿದ್ದರು. ಮನೆಯೂ ಹಗುರಾಗುತ್ತಿತ್ತು. ಚಾಮಯ್ಯ ಆ ಸುಳ್ಳಿಗೂ ಸಹಿ ಮಾಡಲಿಲ್ಲ. ಈಗ ಆ ಮನೆಯಲ್ಲಿ ಅಡುಗೆಯಾಗುತ್ತದೆ, ಬುತ್ತಿಯೂ ಬರುತ್ತದೆ, ಮಾತು ಕಡಿಮೆ.

ಅಂಗಡಿ ಶ್ರೀಪತಿಯದು, ಹಬ್ ತಂದವನು ಶ್ರೀಪತಿ, ಟೆಂಬೊ ಅವನ ಗಿರಾಕಿ. ಈ ಹಬ್ ಬೇಡ ಎಂದು ಹೇಳಬೇಕಾಗಿದ್ದವನು ಶ್ರೀಪತಿ. ಅವನು ಹೇಳಲಿಲ್ಲ. ಚಾಮಯ್ಯ ಹೇಳಿದರು, ಹೇಳಿ ಗೆಳೆಯನನ್ನು ಕಳೆದುಕೊಂಡರು. ಆ ಒಂದು ಮಾತಿಗೆ ಶ್ರೀಪತಿ ಚಾಮಯ್ಯನವರಿಗೆ ಋಣಿ.