ಬಾವಿಯ ವಾಸನೆ ಮತ್ತು ನಾನು ಬರೆದ ಎರಡು ಸಾಲು

1946ರ ಜೂನ್ 14, ಶುಕ್ರವಾರ ಬೆಳಿಗ್ಗೆ, ಹೊಸಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ನನ್ನ ಹೆಂಡತಿ ಜಯಮ್ಮ ಬಾಯಿ ಮುಕ್ಕಳಿಸಿ ಉಗುಳಿದಾಗ ನೀರಿನ ಜೊತೆ ವಸಡಿನ ರಕ್ತ ಬಂತು.

ಅದಕ್ಕೆ ಎರಡು ತಿಂಗಳ ಮೊದಲಿನಿಂದಲೂ ಅವಳಿಗೆ ಓಕರಿಕೆ ಇತ್ತು. ತಲೆ ಸುತ್ತುತ್ತಿತ್ತು. ಮದುವೆಯಾಗಿ ಆರು ವರ್ಷವಾಗಿತ್ತು. ಓಕರಿಕೆಯನ್ನು ನಾವಿಬ್ಬರೂ ಶುಭಸೂಚನೆ ಎಂದುಕೊಂಡು ಯಾರಿಗೂ ಹೇಳದೆ ಖುಷಿಪಟ್ಟಿದ್ದೆವು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬ್ಲಡ್ ಟೆಸ್ಟ್ ಆಯಿತು. ಡಾಕ್ಟರು ಕಾಗದದಿಂದ ತಲೆ ಎತ್ತಲಿಲ್ಲ.

“ಗರ್ಭ ಅಲ್ಲ. ಅನೀಮಿಯಾ. ಬಹಳ ಮುಂದಕ್ಕೆ ಹೋಗಿದೆ.”

ಅವರು ರಕ್ತ ಹೆಚ್ಚಲೆಂದು ಲಿವರ್ ಎಕ್ಸ್‌ಟ್ರಾಕ್ಟ್ ಇಂಜೆಕ್ಷನ್ ಬರೆದರು. ಎರಡು ವಾರವಾದರೂ ಗುಣ ಕಾಣಲಿಲ್ಲ. ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ ಎಂದು ವಿಚಾರಿಸಿ, ಮನೆಯ ನೀರು ತರಲು ಹೇಳಿದರು. ಒಂದು ಸೀಸೆ ತುಂಬಿಸಿ ಒಯ್ದೆ. ಬಿರಟೆ ತೆಗೆದು ಮೂಸಿ, ಸೀಸೆಯನ್ನು ಮೇಜಿನ ಆ ತುದಿಗೆ ತಳ್ಳಿದರು.

“ಇದನ್ನ ಲಾರಿಗೆ ಹಾಕ್ತಾರೆ ಕಣ್ರೀ. ಹೆಂಡತಿಗೆ ಕುಡಿಸ್ತಾರಾ? ರಕ್ತ ಕೆಡ್ತಿರೋದು ಇದರಿಂದಲೇ.”

ವಾಸನೆ ನಮಗೆ ಗೊತ್ತಿರಲಿಲ್ಲ ಎಂದಲ್ಲ. ಬೇಸಿಗೆಯಿಂದಲೇ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಕಾಫಿಯಲ್ಲಿ, ಅನ್ನದಲ್ಲಿ, ಒಗೆದು ಮಡಿಸಿಟ್ಟ ಸೀರೆಯಲ್ಲಿ ಅದೇ ವಾಸನೆ. ಜಯಮ್ಮನ ವಾಂತಿಯಲ್ಲೂ ಅದೇ. ಅದೇ ಬಾವಿಯ ನೀರಿನಲ್ಲಿ ವಾಂತಿಯ ಬಟ್ಟಲನ್ನು ತೊಳೆಯುತ್ತಿದ್ದೆ.

ಆ ವಾಸನೆಗೆ ಕಾರಣ ಹೇಳಿದವನು ನಾನೇ. ಬೆಂಗಳೂರಿನ ದಿನಪತ್ರಿಕೆಯೊಂದಕ್ಕೆ ನಾನು ತಾಲ್ಲೂಕಿನ ಸುದ್ದಿ ಕಳುಹಿಸುವವನು. ಮಲೇರಿಯಾ ಕೆಲಸದವರು ಸೊಳ್ಳೆಮರಿ ಸಾಯಲೆಂದು ಊರಿನ ಚರಂಡಿ, ಹೊಂಡಗಳಿಗೆ ಎಣ್ಣೆ ಬಿಡುತ್ತಿದ್ದರು. ಏಪ್ರಿಲ್ ತಿಂಗಳ ಸುದ್ದಿಯ ಕೊನೆಗೆ ಎರಡು ಸಾಲು ಸೇರಿಸಿದ್ದೆ: ಬಾವಿಗಳಲ್ಲಿ ಬರುವ ವಾಸನೆ ಸೊಳ್ಳೆ ಎಣ್ಣೆಯದು, ಕುಡಿಯಲು ಅಂಜಬೇಕಾಗಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಎಣ್ಣೆ ಬಿಡುವವರ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ.

“ಕುಡಿಯೋ ಬಾವಿಗೆ ನಾವ್ಯಾಕೆ ಬಿಡ್ತೀವಿ ಸಾರ್? ನಿಮಗೆ ಯಾರು ಹೇಳಿದ್ದು?”

ಯಾರೂ ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಮನೆಗೆ ಬಂದು ಜಯಮ್ಮನಿಗೆ ಹೇಳಿದೆ. ಗೋಡೆಗೆ ಒರಗಿ ಕೂತಿದ್ದಳು. ತುಟಿ ಸುಣ್ಣದ ಹಾಗಿತ್ತು.

“ಪಕ್ಕದ ಮನೆ ಪುಟ್ಟಮ್ಮ ಈ ನೀರು ಬೇಡ ಅಂದಿದ್ಲು, ಕೆರೆ ನೀರು ತರ್ತೀನಿ ಅಂದಿದ್ಲು. ನಾನೇ ಬೈದು ಕಳಿಸ್ದೆ. ನಮ್ಮನೆಯವರು ಪೇಪರ್‌ನಲ್ಲಿ ಬರೆದವ್ರೆ, ನಿಂಗೇನ್ ಗೊತ್ತು ಅಂತ.”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಹದಿನೈದು ವರ್ಷ ಪರರ ತಪ್ಪನ್ನು ತಾರೀಖು ಸಮೇತ ಬರೆದವನಿಗೆ, ತನ್ನ ತಪ್ಪು ಹೆಂಡತಿಯ ವಸಡಿನಲ್ಲಿ ಬಂದು ನಿಂತಾಗ ಅದಕ್ಕೆ ಯಾವ ತಲೆಬರಹ ಕೊಡಬೇಕೆಂದು ತಿಳಿಯುವುದಿಲ್ಲ. ನನ್ನ ಕೈಬರಹ ನೋಡಿದರೂ ಅಸಹ್ಯವಾಗುತ್ತಿತ್ತು.

ಬಾವಿ ತೋಡುವ ಮುನಿಯಪ್ಪನನ್ನು ಕರೆಸಿದೆ. ಬಾವಿಗೆ ಇಳಿಯುವ ಮೊದಲು ಲಾಂದ್ರ ಬಿಟ್ಟು ಒಳಗಿನ ಗಾಳಿ ನೋಡುವುದು ಅವನ ಪದ್ಧತಿ. ಅಂದು ಕಟ್ಟೆಯ ಮೇಲೆ ಬಗ್ಗಿದವನು ಲಾಂದ್ರವನ್ನೇ ಆರಿಸಿ ದೂರ ಇಟ್ಟ.

“ದೀಪ ಬಿಟ್ರೆ ನನ್ ಮೀಸೆ ಉಳಿಯಾಕಿಲ್ಲ ಸ್ವಾಮಿ. ಇದು ಮೇಲಿಂದ ಬಂದದ್ದಲ್ಲ, ಮಣ್ಣಿನಾಗಿಂದ ಬತ್ತಾ ಐತೆ.”

ನಮ್ಮ ಮನೆಗೆ ನಲವತ್ತು ಹೆಜ್ಜೆ ದೂರದಲ್ಲಿ, ಮದರಾಸು ರಸ್ತೆಯ ದಿಣ್ಣೆಯ ಮೇಲೆ, ಯುದ್ಧದ ಕಾಲದಲ್ಲಿ ಹಾಕಿದ ಪೆಟ್ರೋಲ್ ಬಂಕ್ ಇದೆ. ಮುನಿಯಪ್ಪ ಬಾವಿಯಿಂದ ಅದರ ಕಡೆಗೆ ಸಾಲಾಗಿ ನಾಲ್ಕು ಗುಂಡಿ ತೋಡಿದ. ಪ್ರತಿ ಗುಂಡಿಯ ಮಣ್ಣನ್ನೂ ಹಿಡಿಯಲ್ಲಿ ಹಿಸುಕಿ ಮೂಸಿದ. ಬಂಕಿಗೆ ಹತ್ತಿರವಾದಷ್ಟೂ ಮಣ್ಣು ಕಪ್ಪಾಗುತ್ತ ಹೋಯಿತು. ನಾಲ್ಕನೆಯದನ್ನು ಮೂಸಿ ಮುಖ ತಿರುಗಿಸಿ ಉಗಿದ.

ವಿಷಯ ಹೇಳಿದಾಗ ಬಂಕಿನ ಮಾಲೀಕ ರಾಮಣ್ಣ ತನ್ನ ಮೇಜಿನ ಗಾಜಿನ ಕೆಳಗಿದ್ದ ಪತ್ರಿಕೆಯ ಚೂರೊಂದನ್ನು ನನ್ನ ಮುಂದೆ ಹಿಡಿದ. ನನ್ನ ಎರಡು ಸಾಲು.

“ಅಂಜಬೇಕಾಗಿಲ್ಲ ಅಂತ ನೀವೇ ಬರೆದಿದ್ದೀರಲ್ಲ ಸ್ವಾಮಿ. ಈಗ ಬಂಕಿಂದು ಅಂದ್ರೆ ಹೆಂಗೆ?”

“ತಪ್ಪು ಬರೆದೆ,” ಎಂದೆ. “ನಿಮ್ಮ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಆಗ್ತಿಲ್ವಾ?”

“ಆಗ್ತೈತೆ. ಸಂಜೆ ಅಳತೆ ಕೋಲು ಬಿಟ್ಟು ನೋಡಿದಷ್ಟು ಬೆಳಿಗ್ಗೆ ಇರಾಕಿಲ್ಲ. ಕಳ್ಳತನ ಅಂತ ಇಬ್ಬರನ್ನ ಕೆಲಸದಿಂದ ಬಿಡಿಸ್ದೆ. ಬೀಗಾನೂ ಬದಲಾಯಿಸ್ದೆ.”

“ಬೀಗ ಮೇಲಕ್ಕೆ ಹಾಕಿದ್ಯಲ್ಲ ರಾಮಣ್ಣೋ,” ಎಂದ ನನ್ನ ಜೊತೆ ಬಂದಿದ್ದ ಮುನಿಯಪ್ಪ. “ಕಳ್ಳ ಕೆಳಗಡೆಯಿಂದ ಹೋಗವ್ನೆ.”

ನಾಲ್ಕನೆಯ ಗುಂಡಿಯ ಒಂದು ಮಂಕರಿ ಮಣ್ಣನ್ನು ಮುನಿಯಪ್ಪ ರಸ್ತೆ ದಾಟಿಸಿ, ದೂರದ ಬೀಳು ಹೊಲದಲ್ಲಿ ಸುರಿದು ಕಡ್ಡಿ ಗೀರಿ ಎಸೆದ. ಮಣ್ಣು ಹೊತ್ತಿಕೊಂಡಿತು.

ರಾಮಣ್ಣನ ಕೈ ಜೇಬಿನಲ್ಲಿದ್ದ ಬೀಡಿಕಟ್ಟಿನ ಮೇಲೆ ಹೋಗಿ ನಿಂತಿತು. ಅದೇ ವಾರ ಟ್ಯಾಂಕ್ ಖಾಲಿ ಮಾಡಿಸಿ ಅಗೆಸಿದ. ತಳದಲ್ಲಿ ತುಕ್ಕು ತಿಂದು, ಕಿರುಬೆರಳು ಹೋಗುವಷ್ಟು ತೂತಾಗಿತ್ತು. ಕೆಲಸ ಕಳೆದುಕೊಂಡ ಇಬ್ಬರಲ್ಲಿ ಒಬ್ಬ ಅದನ್ನು ನೋಡಲು ಬಂದಿದ್ದ. ಬಗ್ಗಿ ನೋಡಿ ಹೋದ.

ಈಗ ನಮಗೆ ಪುಟ್ಟಮ್ಮ ಕೆರೆಯ ನೀರು ತಂದು ಕಾಯಿಸಿ ಕೊಡುತ್ತಾಳೆ. ಜಯಮ್ಮ ಬೈದು ಕಳಿಸಿದ್ದನ್ನು ದಿನಕ್ಕೊಮ್ಮೆ ಎತ್ತಿ ಆಡುತ್ತಾಳೆ, ಜಯಮ್ಮ ನಗುತ್ತಾಳೆ. ಇಂಜೆಕ್ಷನ್ ಮುಂದುವರಿದಿದೆ. ಹಿಂದಿನ ಟೆಸ್ಟಿಗಿಂತ ಈ ಸಲದ್ದು ಸ್ವಲ್ಪ ಮೇಲು ಎಂದು ಡಾಕ್ಟರು ಹೇಳಿದ್ದಾರೆ. ಪೂರ್ತಿ ಗುಣವಾಗುತ್ತದೆ ಎಂದು ಹೇಳಿಲ್ಲ. ನನ್ನ ತಿದ್ದುಪಡಿ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದರ ಪ್ರತಿಯೊಂದನ್ನು ರಾಮಣ್ಣನಿಗೆ ಕೊಟ್ಟು ಬಂದೆ.

ನಿನ್ನೆ ಮುನಿಯಪ್ಪ ಬಾವಿಯಿಂದ ಒಂದು ಕೊಡ ನೀರು ಸೇದಿ ಮೂಸಿದ. ವಾಸನೆ ಇನ್ನೂ ಇದೆ. ಜಯಮ್ಮ ನಿನ್ನೆ ಒಂದು ಲೋಟ ರಾಗಿ ಗಂಜಿ ಕುಡಿದಳು. ವಾಂತಿಯಾಗಲಿಲ್ಲ.